ಸುಗಂಧತೈಲವೂ ಸೊಳ್ಳೆಯ ಮರಿಯೂ

(ಬಾನುಲಿ ಭಾಷಣದ ಬರಹರೂಪ)

ಕನ್ನಡ ಪಾಠ ಹೇಳಿ ನಿವೃತ್ತನಾದವನು ಸೊಳ್ಳೆಯ ವಿಚಾರವಾಗಿ ಮಾತನಾಡಲು ಹೊರಟರೆ ಕೇಳುವವರಿಗೆ ಸೋಜಿಗವಾಗುವುದು ಸಹಜ. ಆದರೆ ಈ ವಿಷಯದಲ್ಲಿ ಮೊದಲ ತೊಡಕು ಹುಟ್ಟಿರುವುದೇ ಒಂದು ಶಬ್ದದಿಂದ. ಅದು ‘ಎಣ್ಣೆ’ ಎಂಬ ಶಬ್ದ. ಗಿಡಮೂಲಿಕೆಯ ಎಣ್ಣೆ ಎಂಬ ಹೆಸರಿನ ಪುಟ್ಟ ಸೀಸೆಗಳು ಈಗ ಅಂಗಡಿಗಳಲ್ಲಿ ದೊರೆಯುತ್ತವೆ. ಅವುಗಳ ನಾಲ್ಕು ಹನಿಯನ್ನು ನೀರಿನ ತೊಟ್ಟಿಗೆ ಬಿಟ್ಟರೆ ಸೊಳ್ಳೆಯ ಮರಿಗಳು ಸಾಯುತ್ತವೆ, ಗಿಡದ್ದಾದುದರಿಂದ ಮನುಷ್ಯರಿಗೆ ಯಾವ ಕೇಡೂ ಇಲ್ಲ ಎಂಬ ಮಾತು ಬಾಯಿಂದ ಬಾಯಿಗೆ ಹಬ್ಬಿದೆ. ಈ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಭ್ರಮೆ ಎಂಬುದನ್ನು ಬಿಡಿಸಿ ನೋಡುವುದು ಈ ಹೊತ್ತಿನ ಉದ್ದೇಶ. ನಾನು ಓದಿ, ತಿಳಿದವರನ್ನು ಕೇಳಿ ಅರಿತದ್ದು ಇಷ್ಟು: ಎಣ್ಣೆಯ ಗುಣವನ್ನು ತಿಳಿಯುವುದಕ್ಕೆ ಮೊದಲು ನೀರಿನ ಗುಣವನ್ನು ತಿಳಿಯಬೇಕು.

ನಮ್ಮ ‘ಎಣ್ಣೆ’ಯ ಹೊಟ್ಟೆಯೊಳಗೆ ಎಳ್ಳು ಇದೆ. ಎಳ್ ಎಂಬ ಪದವೂ ಜಿಡ್ಡು, ತುಪ್ಪ ಎಂಬ ಅರ್ಥದ ನೆಯ್ ಎಂಬ ಪದವೂ ಕೂಡಿ ‘ಎಣ್ಣೆ’ ಆಯಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಸಂಸ್ಕೃತದ ‘ತೈಲ’ವೂ ತಿಲದಿಂದ, ಅಂದರೆ ಎಳ್ಳಿನಿಂದಲೇ ಬಂದದ್ದು. ಹೀಗೆ ಎರಡು ಮಾತುಗಳೂ ಗಾಣದಲ್ಲಿ ಹಿಂಡಿ ತೆಗೆದ ಜಿಡ್ಡನ್ನೇ ಸೂಚಿಸುತ್ತವೆ. ಆ ಜಿಡ್ಡು ಕಾಗದದ ಮೇಲೆ ಬಿದ್ದರೆ ಕಲೆಯಾಗಿ ಉಳಿಯುತ್ತದೆ. ನಾವು ಈಗ ಮಾತನಾಡಬೇಕಾದ ಸುಗಂಧತೈಲ ಆ ಕುಲದ್ದಲ್ಲ. ಅದು ಎಲೆ, ತೊಗಟೆ, ಹೂವು, ಸಿಪ್ಪೆಗಳ ಸಣ್ಣ ಸಣ್ಣ ಕೋಶಗಳಲ್ಲಿ ಅಡಗಿರುವ ಪರಿಮಳದ ದ್ರವ. ಕಾಗದದ ಮೇಲೆ ಬಿದ್ದ ಅದರ ಹನಿ ಬಹುಮಟ್ಟಿಗೆ ಆವಿಯಾಗಿ ಹೋಗುತ್ತದೆ. ಎಣ್ಣೆಯಂತೆ ನೀರಿನೊಡನೆ ಬೆರೆಯದೆ ತೇಲುತ್ತದೆ ಎಂಬ ಒಂದೇ ಹೋಲಿಕೆಯಿಂದ ಅದಕ್ಕೆ ತೈಲವೆಂಬ ಹೆಸರು ಬಂದಿದೆ.

ಇದನ್ನು ತೆಗೆಯುವ ಕ್ರಮ ಕನ್ನಡಿಗರಿಗೆ ಹೊಸದಲ್ಲ. ೧೯೧೬ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಶ್ರೀಗಂಧದ ಎಣ್ಣೆಯ ಕಾರ್ಖಾನೆ ಲೋಕಪ್ರಸಿದ್ಧವಾದದ್ದು. ಗಂಧದ ಪುಡಿಯ ನಡುವೆ ನೀರಿನ ಹಬೆಯನ್ನು ಹಾಯಿಸುತ್ತಾರೆ. ಹಬೆ ಪರಿಮಳವನ್ನು ಹೊತ್ತು ಮೇಲೇಳುತ್ತದೆ. ಅದನ್ನು ತಂಪುಗೊಳಿಸಿದಾಗ ನೀರು ಬೇರೆ, ತೈಲ ಬೇರೆ ಆಗುತ್ತದೆ. ಮಜ್ಜಿಗೆ ಹುಲ್ಲು, ತುಳಸಿ, ನೀಲಗಿರಿ, ಓಮ, ಲವಂಗ ಇವುಗಳ ತೈಲವನ್ನೂ ಹೀಗೆಯೇ ಭಟ್ಟಿಯಿಳಿಸುತ್ತಾರೆ. ಬೇವಿನೆಣ್ಣೆ, ಹೊಂಗೆಯೆಣ್ಣೆಗಳು ಈ ಗುಂಪಿಗೆ ಸೇರಿದವಲ್ಲ, ಅವು ಗಾಣದವು. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ವಸ್ತು ಕೀಟದ ಮರಿ ಪೊರೆ ಕಳಚಿ ಬೆಳೆಯುವುದನ್ನೇ ತಡೆಯುತ್ತದೆ. ಅದರ ದಾರಿ ಬೇರೆ, ಸುಗಂಧತೈಲದ ದಾರಿ ಬೇರೆ.

ಗಿಡ ಈ ಪರಿಮಳವನ್ನು ಮಾಡಿಕೊಳ್ಳುವುದು ನಮ್ಮ ಮೂಗಿಗಾಗಿ ಅಲ್ಲ. ಬೇರೂರಿ ನಿಂತ ಗಿಡ ತನ್ನನ್ನು ತಿನ್ನಲು ಬರುವ ಹುಳುವಿನಿಂದ ಓಡಿಹೋಗಲಾರದು. ಆದುದರಿಂದ ಎಲೆಯಲ್ಲಿ ಅದಕ್ಕೆ ಒಗ್ಗದ ರಸವನ್ನು ಕೂಡಿಟ್ಟುಕೊಳ್ಳುತ್ತದೆ. ಮಜ್ಜಿಗೆ ಹುಲ್ಲಿನಲ್ಲಿ ಸಿಟ್ರಾಲ್, ಓಮದಲ್ಲಿ ಥೈಮಾಲ್, ಲವಂಗದಲ್ಲಿ ಯೂಜಿನಾಲ್, ಕಿತ್ತಳೆ ಸಿಪ್ಪೆಯಲ್ಲಿ ಲಿಮೊನೀನ್ ಮುಖ್ಯಾಂಶ. ಇವು ಕೀಟದ ನರವ್ಯೂಹವನ್ನು ಕಲಕುತ್ತವೆ. ನಮ್ಮ ಹಿರಿಯರು ಲಕ್ಕಿ ಸೊಪ್ಪನ್ನೂ ಬೇವಿನ ಸೊಪ್ಪನ್ನೂ ಸುಟ್ಟು ಹೊಗೆ ಹಾಕುತ್ತಿದ್ದುದರ ಹಿಂದೆ ಗಿಡಕ್ಕೂ ಕೀಟಕ್ಕೂ ಇರುವ ಈ ಹಗೆತನದ ಅರಿವಿತ್ತು. ಆದರೆ ಹೊಗೆ ಹಾರುವ ಸೊಳ್ಳೆಯನ್ನು ದೂರ ಸರಿಸುತ್ತದೆ. ನೀರಿನಲ್ಲಿರುವ ಮರಿಯನ್ನು ಕೊಲ್ಲುವುದು ಬೇರೆಯೇ ಕೆಲಸ.

ಮರಿ ಎಂದರೇನು? ಸೊಳ್ಳೆ ನೀರಿನಲ್ಲಿ, ಇಲ್ಲವೆ ನೀರಿನ ಅಂಚಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಬರುವ ಹುಳುವಿಗೆ ವಿಜ್ಞಾನಿಗಳು ಲಾರ್ವಾ ಎನ್ನುತ್ತಾರೆ. ಅದು ನಾಲ್ಕು ಹಂತಗಳಲ್ಲಿ ಬೆಳೆದು, ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ಪ್ಯೂಪಾ ಆಗಿ, ಕೊನೆಗೆ ರೆಕ್ಕೆ ಪಡೆದು ಹಾರುತ್ತದೆ. ಬೆಚ್ಚಗಿನ ದಿನಗಳಲ್ಲಿ ಇದೆಲ್ಲ ಮುಗಿಯಲು ಒಂದು ವಾರ ಹತ್ತು ದಿನ ಸಾಕು. ರೆಕ್ಕೆ ಬಂದ ಮೇಲೆ ಅದನ್ನು ಹಿಡಿಯುವುದು ಕಷ್ಟ. ನೀರಿನಲ್ಲಿರುವಾಗ ಅದು ತಪ್ಪಿಸಿಕೊಂಡು ಹೋಗಲಾರದು. ಮರಿಯ ಹಂತದಲ್ಲೇ ಅದನ್ನು ತಡೆಯಬೇಕೆಂಬ ಸೂತ್ರದ ತಿರುಳು ಇದು.

ಈ ಸೂತ್ರದ ಒಂದು ಹಳೆಯ ಕಥೆ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಸುಮಾರು ೧೮೮೩ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೇನಾವೈದ್ಯರು ಅಲ್ಲಿದ್ದರು. ಬೇರೆಯವರ ಕೋಣೆಗಳಿಗಿಂತ ತಮ್ಮ ಕೋಣೆಯಲ್ಲಿ ಸೊಳ್ಳೆ ಹೆಚ್ಚಾಗಿರುವುದನ್ನು ಕಂಡು ಕಾರಣ ಹುಡುಕಿದರೆ, ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಮರಿಗಳು ಕಿಲಬಿಲ ಎನ್ನುತ್ತಿದ್ದವು. ಪೀಪಾಯಿಯನ್ನು ಮಗುಚಿ ಹಾಕಿಸಿದರು, ಸೊಳ್ಳೆ ಇಳಿಯಿತು. ಉಳಿದ ನೀರನ್ನೂ ಹೀಗೆಯೇ ಚೆಲ್ಲಿಸೋಣವೆಂದು ಮೇಲಧಿಕಾರಿಗೆ ಹೇಳಿದಾಗ, ಅದು ಸೃಷ್ಟಿಯ ಕ್ರಮಕ್ಕೆ ವಿರುದ್ಧವೆಂದು ಆತ ಒಪ್ಪಲಿಲ್ಲವಂತೆ. ಇದೇ ರಾಸ್ ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂಬುದರ ಸಾಕ್ಷ್ಯವನ್ನು ಕಂಡುಹಿಡಿದು, ೧೯೦೨ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಸೊಳ್ಳೆಯಿಂದ ರೋಗ ಬರುತ್ತದೆಂದು ತಿಳಿಯುವ ಮೊದಲೇ ಸೊಳ್ಳೆಯನ್ನು ತಡೆಯುವ ದಾರಿ ಅವರಿಗೆ ತಿಳಿದಿತ್ತು. ಅದಕ್ಕೆ ಯಾವ ಎಣ್ಣೆಯೂ ಬೇಕಾಗಿರಲಿಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ಅರಸೀಕೆರೆಯಿಂದ ಜಾವಗಲ್ ಮಾರ್ಗವಾಗಿ ಹಳೇಬೀಡಿಗೂ ಅಲ್ಲಿಂದ ಬೇಲೂರಿಗೂ ಹೋಗುವ ದಾರಿ ಚಿಕ್ಕದು. ಆ ದಾರಿಯಲ್ಲಿ ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಕಾಣಿಸಿಕೊಳ್ಳುತ್ತದೆ. ಪ್ರವಾಸಿಗಳು ಈ ದಾರಿಯಲ್ಲಿ ಶಿಲ್ಪವನ್ನು ನೋಡುತ್ತಾರೆ. ಸೊಳ್ಳೆಯ ದೃಷ್ಟಿಯಿಂದ ನೋಡಿದರೆ ಇಲ್ಲಿರುವುದು ಮೂರು ಬಗೆಯ ನೀರು.

ಮೊದಲನೆಯದು ಅರಸೀಕೆರೆಯ ನೀರು, ಅಂದರೆ ತುಂಬಿಟ್ಟ ನೀರು. ಅರಸಿಯ ಕೆರೆ ಎಂಬ ಹೆಸರು ಹೊತ್ತಿದ್ದರೂ ಇದು ಮಳೆ ಕಡಮೆಯ ಊರು. ನಲ್ಲಿಯಲ್ಲಿ ನೀರು ಬಂದ ದಿನ ಡ್ರಮ್ಮು, ಸಿಮೆಂಟು ತೊಟ್ಟಿ, ಕೊಡಪಾನಗಳಲ್ಲಿ ಹಿಡಿದಿಡುವುದು ಮನೆಮನೆಯ ಪದ್ಧತಿ. ಮೇಲಾಗಿ ಇದು ಕೊಬ್ಬರಿಯ ಊರು. ಒಡೆದ ಕರಟಗಳೂ ಎಳನೀರಿನ ಬುರುಡೆಗಳೂ ರಾಶಿ ಬಿದ್ದಲ್ಲಿ ಒಂದು ಮಳೆ ಬಂದರೆ ಸಾಕು, ಒಂದೊಂದೂ ಪುಟ್ಟ ಕೊಳವಾಗುತ್ತದೆ. ಇಂಥ ತಿಳಿನೀರಿನಲ್ಲಿ ಬೆಳೆಯುವುದು ಈಡಿಸ್ ಎಂಬ ಸೊಳ್ಳೆ. ಮೈಮೇಲೆ ಬಿಳಿಯ ಪಟ್ಟೆಗಳಿರುವ ಇದು ಹಗಲು ಕಚ್ಚಿ ಡೆಂಗ್ಯೂ, ಚಿಕೂನ್‌ಗುನ್ಯಾಗಳನ್ನು ಹರಡುತ್ತದೆ. ಇದು ಹೆಚ್ಚು ದೂರ ಹಾರುವುದೂ ಇಲ್ಲ. ಸಾಮಾನ್ಯವಾಗಿ ನೂರಿನ್ನೂರು ಮೀಟರಿನೊಳಗೇ ಇದರ ಸಂಸಾರ. ಎಂದರೆ ನಮ್ಮನ್ನು ಕಚ್ಚುವ ಸೊಳ್ಳೆ ನಮ್ಮ ಬೀದಿಯ ನೀರಿನಲ್ಲೇ ಹುಟ್ಟಿದ್ದು.

ಎರಡನೆಯದು ಹಳೇಬೀಡಿನ ನೀರು, ಅಂದರೆ ಕೆರೆ ಕಲ್ಯಾಣಿಗಳ ನಿಂತ ನೀರು. ದೋರಸಮುದ್ರವೆಂಬ ರಾಜಧಾನಿಗೆ ಆ ಹೆಸರನ್ನು ಕೊಟ್ಟದ್ದೇ ಅದರ ಕೆರೆ. ಹತ್ತಿರದ ಹುಲಿಕೆರೆಯ ಕಲ್ಯಾಣಿಯ ಮೆಟ್ಟಿಲುಗಳ ಸೊಬಗನ್ನು ಕಂಡವರು ಮರೆಯಲಾರರು.

ಮೂರನೆಯದು ಬೇಲೂರಿನ ಕಡೆಯ ನೀರು. ಯಗಚಿಯೂ ಅದಕ್ಕೆ ಸೇರುವ ತೊರೆಗಳೂ ಗದ್ದೆಯ ಕಾಲುವೆಗಳೂ ಇಲ್ಲಿವೆ. ಮಲೆನಾಡಿನ ಮೆಲ್ಲನೆ ಹರಿಯುವ ತೊರೆಯಂಚಿನಲ್ಲಿ ಬೆಳೆಯುತ್ತಿದ್ದ ಅನಾಫಿಲಿಸ್ ಸೊಳ್ಳೆ ಒಂದು ಕಾಲಕ್ಕೆ ಊರೂರುಗಳನ್ನೇ ಬರಿದುಮಾಡಿತ್ತು. ಚಳಿಜ್ವರದಿಂದ ನಡುಗುವ ಹಿರಿಯರು, ಗುಲ್ಮ ಊದಿ ಹೊಟ್ಟೆ ಮುಂದೆ ಬಂದ ಮಕ್ಕಳು ಆಗಿನ ಮಲೆನಾಡಿನಲ್ಲಿ ಸಾಮಾನ್ಯ ನೋಟವಾಗಿದ್ದರು. ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಸಂಶೋಧನೆ ನಡೆಸಿತು. ಒಂದು ಬಗೆಯ ಅನಾಫಿಲಿಸ್ ಸೊಳ್ಳೆಗೆ ೧೯೩೭ರಲ್ಲಿ ವಿಜ್ಞಾನಿಗಳು ಇಟ್ಟ ಹೆಸರಿನಲ್ಲಿ ‘ಮೈಸೂರೆನ್ಸಿಸ್’ ಎಂಬ ಮಾತು ಇಂದಿಗೂ ಉಳಿದಿದೆ. ಊರಿಗೆ ಇಂಥ ಕೀರ್ತಿಯೂ ಬರಬಹುದು!

ಆಮೇಲೆ ಡಿಡಿಟಿ ಬಂದಿತು. ೧೯೫೩ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, ೧೯೫೮ರಲ್ಲಿ ನಿರ್ಮೂಲನ ಕಾರ್ಯಕ್ರಮ ಆರಂಭವಾದವು. ೧೯೬೫ರ ಹೊತ್ತಿಗೆ ದೇಶದಲ್ಲಿ ಮಲೇರಿಯಾ ಪ್ರಕರಣಗಳು ಸುಮಾರು ಒಂದು ಲಕ್ಷಕ್ಕೆ ಇಳಿದಿದ್ದವು. ಆದರೆ ಸೊಳ್ಳೆ ಮದ್ದಿಗೆ ಒಗ್ಗಿಕೊಂಡಿತು, ಮನುಷ್ಯ ಮೈಮರೆತ. ೧೯೭೬ರಲ್ಲಿ ಆ ಸಂಖ್ಯೆ ೬೪ ಲಕ್ಷಕ್ಕೆ ಏರಿತು. ನೀರಿಗೆ ಹಾಕುವ ಟೆಮಿಫಾಸ್ ಎಂಬ ಮದ್ದಿನ ವಿಷಯದಲ್ಲೂ ಬ್ರೆಜಿಲ್ ಮುಂತಾದ ದೇಶಗಳಲ್ಲಿ ಇದೇ ಅನುಭವವಾಗಿದೆ. ಅಲ್ಲಿಯ ಈಡಿಸ್ ಮರಿಗಳು ಅದಕ್ಕೆ ಜಗ್ಗದಂತಾದವು. ವಿಜ್ಞಾನಿಗಳು ಮತ್ತೆ ಗಿಡಗಳತ್ತ ತಿರುಗಲು ಇದೇ ಕಾರಣ. ಸುಗಂಧತೈಲ ಒಂದೇ ರಾಸಾಯನಿಕವಲ್ಲ, ಹತ್ತಾರು ರಾಸಾಯನಿಕಗಳ ಕೂಟ. ಒಂದಕ್ಕೆ ಒಗ್ಗಿಕೊಂಡಷ್ಟು ಸುಲಭವಾಗಿ ಹತ್ತಾರಕ್ಕೂ ಒಟ್ಟಿಗೆ ಒಗ್ಗಿಕೊಳ್ಳುವುದು ಕಷ್ಟವೆಂಬುದು ಅವರ ಎಣಿಕೆ. ಅದಲ್ಲದೆ ಈ ತೈಲಗಳು ಬೇಗ ಶಿಥಿಲವಾಗಿ ಹೋಗುವುದರಿಂದ ಡಿಡಿಟಿಯಂತೆ ವರ್ಷಗಟ್ಟಲೆ ಮಣ್ಣಿನಲ್ಲಿ ಕೂಡಿಕೊಳ್ಳುವುದಿಲ್ಲ.

ಗಿಡದಿಂದ ಮದ್ದು ಹುಟ್ಟಿದ್ದಕ್ಕೆ ನಿದರ್ಶನವೂ ಉಂಟು. ನಮ್ಮ ಸೇವಂತಿಗೆಯ ಬಳಗಕ್ಕೆ ಸೇರಿದ ಪೈರೆತ್ರಮ್ ಎಂಬ ಹೂವಿನ ಪುಡಿ ಕೀಟನಾಶಕವಾಗಿ ಹೆಸರಾದದ್ದು. ಅದರ ಸಾರವನ್ನು ಅನುಕರಿಸಿ ೧೯೪೯ರಲ್ಲಿ ಅಲೆತ್ರಿನ್ ಎಂಬ ಕೃತಕ ವಸ್ತುವನ್ನು ತಯಾರಿಸಿದರು. ನಾವು ಹಚ್ಚುವ ಸೊಳ್ಳೆಬತ್ತಿಯ ವಂಶಾವಳಿ ಹಿಡಿದು ಹೋದರೆ ಕೊನೆಗೆ ಒಂದು ಹೂವು ಸಿಕ್ಕುತ್ತದೆ. ಆದುದರಿಂದ ಗಿಡದ ಕಡೆಗಿನ ಈ ನೋಟವನ್ನು ಅಜ್ಜಿಮದ್ದೆಂದು ನಕ್ಕು ತಳ್ಳಿಹಾಕುವಂತಿಲ್ಲ.

ಪ್ರಯೋಗಾಲಯದಲ್ಲಿ ಇದನ್ನು ಪರೀಕ್ಷಿಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಮಾಡಿದೆ. ಒಂದು ಬಟ್ಟಲು ನೀರಿಗೆ ಇಪ್ಪತ್ತರಿಂದ ಇಪ್ಪತ್ತೈದು ಮರಿಗಳನ್ನು ಬಿಟ್ಟು, ಅಳೆದ ಪ್ರಮಾಣದಲ್ಲಿ ಮದ್ದು ಹಾಕಿ, ೨೪ ಗಂಟೆಗಳ ಬಳಿಕ ಸತ್ತವೆಷ್ಟು ಎಂದು ಎಣಿಸುತ್ತಾರೆ. ಅರ್ಧದಷ್ಟು ಮರಿಗಳನ್ನು ಕೊಲ್ಲುವ ಪ್ರಮಾಣ ಯಾವುದು ಎಂಬುದು ಹೋಲಿಕೆಯ ಅಳತೆಗೋಲು. ಒಳ್ಳೆಯದೆನಿಸಿಕೊಂಡ ಅನೇಕ ಸುಗಂಧತೈಲಗಳಿಗೆ ಈ ಪ್ರಮಾಣ ಲೀಟರಿಗೆ ಕೆಲವು ಹತ್ತು ಮಿಲಿಗ್ರಾಂಗಳಿಂದ ನೂರು ಮಿಲಿಗ್ರಾಂಗಳ ಒಳಗೆ ಬರುತ್ತದೆ. ಟೆಮಿಫಾಸಿಗೋ, ಒಗ್ಗಿಕೊಳ್ಳದ ಮರಿಗಳಾದರೆ, ಒಂದು ಮಿಲಿಗ್ರಾಮಿನ ಸಣ್ಣ ಅಂಶವೇ ಸಾಕು. ತೈಲ ಕೊಲ್ಲುತ್ತದೆಂಬುದು ದಿಟ. ಆದರೆ ಬಹಳಷ್ಟು ಬೇಕು. ಇದನ್ನು ಮನಸ್ಸಿನಲ್ಲಿಡಬೇಕು.

ನಮ್ಮ ಬೀದಿಯ ಹಿರಿಯ ಗೃಹಿಣಿಯೊಬ್ಬರು ಹೋದ ಮಳೆಗಾಲದಲ್ಲಿ ಇಂಥದೊಂದು ಸೀಸೆಯನ್ನು ಹಿಡಿದು ನನ್ನಲ್ಲಿಗೆ ಬಂದಿದ್ದರು. “ಮೇಷ್ಟ್ರೇ, ಗಿಡದ್ದೇ ಅಲ್ವಾ, ಕುಡಿಯೋ ನೀರಿನ ಡ್ರಮ್ಮಿಗೆ ನಾಲ್ಕು ಹನಿ ಬಿಟ್ಟರೆ ಆಗಬಹುದಾ? ಮೊಮ್ಮಗನಿಗೆ ಒಂದು ಸಲ ಡೆಂಗ್ಯೂ ಬಂದು ಹೋಗಿದೆ. ಇನ್ನೊಂದು ಸಲ ಬಂದರೆ ಕಷ್ಟ ಅಂತ ಡಾಕ್ಟರು ಹೇಳಿದ್ದಾರೆ” ಎಂದರು. ಅವರ ಅಂಜಿಕೆ ನ್ಯಾಯವಾದದ್ದೇ. ಡೆಂಗ್ಯೂ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಂದು ಹೋದ ಮೇಲೆ ಬೇರೊಂದು ಬಗೆ ತಗಲಿದರೆ ರೋಗ ಉಲ್ಬಣಿಸುವ ಸಂಭವ ಹೆಚ್ಚು. ನಾವಿಬ್ಬರೂ ಕುಳಿತು ಲೆಕ್ಕ ಹಾಕಿದೆವು. ಡ್ರಮ್ಮಿನಲ್ಲಿ ೨೦೦ ಲೀಟರು ನೀರು. ನಾಲ್ಕು ಹನಿ ತೈಲ ಒಂದು ಗ್ರಾಮಿನ ಐದನೆಯ ಒಂದು ಪಾಲೂ ಆಗದು. ಎಂದರೆ ಲೀಟರಿಗೆ ಒಂದು ಮಿಲಿಗ್ರಾಮೂ ಸಿಕ್ಕಲಿಲ್ಲ. ಇಷ್ಟಕ್ಕೆ ಮರಿ ಸಾಯುವುದಿಲ್ಲ. ಲೀಟರಿಗೆ ೫೦ ಮಿಲಿಗ್ರಾಮೆಂದು ಹಿಡಿದರೂ ಡ್ರಮ್ಮಿಗೆ ೧೦ ಗ್ರಾಂ ತೈಲ ಬೇಕು, ಅದೂ ಅರ್ಧ ಮರಿಗಳನ್ನು ಕೊಲ್ಲಲು. ಅಷ್ಟು ಹಾಕಿದ ನೀರು ಬಾಯಿಗೆ ಹಾಕುವಂತಿರುವುದಿಲ್ಲ.

“ಹಾಗಾದರೆ ನಾಲ್ಕು ಹನಿ ಹಾಕಿದರೆ ಮರಿ ಸಾಯಲ್ಲ, ಮರಿ ಸಾಯೋವಷ್ಟು ಹಾಕಿದರೆ ನಾವು ಕುಡಿಯೋಕಾಗಲ್ಲ, ಅಷ್ಟೇ ತಾನೆ?” ಎಂದರು ಅವರು. ಒಂದು ಗಂಟೆಯ ಉಪನ್ಯಾಸದ ಸಾರವನ್ನು ಆ ತಾಯಿ ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದರು. ಗಿಡದ್ದೆಂದ ಮಾತ್ರಕ್ಕೆ ನಿರಪಾಯವೆಂಬ ನಂಬಿಕೆಗೂ ಆಧಾರವಿಲ್ಲ. ನೀಲಗಿರಿ ತೈಲವನ್ನು ಕೆಲವೇ ಮಿಲಿಲೀಟರುಗಳಷ್ಟು ನುಂಗಿದ ಮಕ್ಕಳಿಗೆ ಸೆಳವು ಬಂದು ಪ್ರಾಣಕ್ಕೇ ಸಂಚಕಾರ ಬರಬಹುದು. ವಿಷಮುಷ್ಟಿಯೂ ಗಿಡವೇ, ದತ್ತೂರಿಯೂ ಗಿಡವೇ ಅಲ್ಲವೆ?

ಇಲ್ಲಿಗೆ ತೈಲದ ಕಥೆ ಮುಗಿಯಲಿಲ್ಲ. ವಿಜ್ಞಾನಿಗಳು ಈಗ ಶ್ರಮಿಸುತ್ತಿರುವುದು ಬರಿಯ ತೈಲದ ಮೇಲಲ್ಲ, ಅದರ ಪಾಕದ ಮೇಲೆ. ಬರಿಯ ತೈಲಕ್ಕೆ ಮೂರು ದೋಷಗಳಿವೆ. ಅದು ನೀರಿನೊಡನೆ ಬೆರೆಯುವುದಿಲ್ಲ, ಬಿಸಿಲಿಗೆ ಆರಿಹೋಗುತ್ತದೆ, ಪ್ರತಿ ಬಾರಿಯೂ ಒಂದೇ ಗುಣದ್ದಾಗಿರುವುದಿಲ್ಲ. ಪಾಕವೆಂದರೆ ಈ ಮೂರಕ್ಕೂ ಪರಿಹಾರ ಹುಡುಕುವ ಕೆಲಸ.

ಬೆರೆಯದಿರುವ ದೋಷ ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುತ್ತದೆ. ಆದರೆ ಹಾಲಿನಲ್ಲಿ ಕೊಬ್ಬು ತೇಲದೆ ಸಣ್ಣ ಕಣಗಳಾಗಿ ಹರಡಿರುತ್ತದೆ. ಅದಕ್ಕೇ ಹಾಲಿಗೆ ಬಿಳುಪು. ಹೀಗೆ ಎಣ್ಣೆಯನ್ನು ಹನಿಹನಿಯಾಗಿ ನೀರಿನಲ್ಲಿ ಹಿಡಿದಿಟ್ಟ ಮಿಶ್ರಣಕ್ಕೆ ಎಮಲ್ಷನ್ ಎನ್ನುತ್ತಾರೆ. ನೀರಿಗೂ ಎಣ್ಣೆಗೂ ಸಂಧಾನ ಮಾಡಿಸುವ ಮೂರನೆಯ ವಸ್ತು ಇದಕ್ಕೆ ಬೇಕು. ಸೋಪು ಅಂಥದು, ನಮ್ಮ ಅಂಟುವಾಳದ ನೊರೆಯಲ್ಲಿರುವ ಸಾಪೊನಿನ್ನೂ ಅಂಥದೇ. ಈ ಹನಿಗಳನ್ನು ಇನ್ನೂರು ನ್ಯಾನೊಮೀಟರಿಗಿಂತ ಕಿರಿದಾಗಿ ಒಡೆದರೆ ಅದು ನ್ಯಾನೊ ಎಮಲ್ಷನ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರು. ಹನಿ ಕಿರಿದಾದಷ್ಟೂ ಅಷ್ಟೇ ತೈಲಕ್ಕೆ ಮೈ ಹೆಚ್ಚು. ಬೇಗ ಮೇಲೆ ಬಂದು ತೇಲದೆ ನೀರಿನ ಆಳದಲ್ಲೂ ಇರುತ್ತದೆ. ಈಡಿಸ್ ಮರಿ ತಲೆಕೆಳಗಾಗಿ ಜೋತು, ಬಾಲದ ಕಡೆಯ ನಳಿಕೆಯಿಂದ ಉಸಿರಾಡುತ್ತ, ನೀರಿನಲ್ಲಿರುವ ಕಣಗಳನ್ನು ಬಾಯಿಯ ಕುಚ್ಚಿನಿಂದ ಸೆಳೆದು ತಿನ್ನುತ್ತದೆ. ಮೇಲೆ ತೇಲುವ ತೈಲ ಅದರ ಬಾಯಿಗೆ ಸಿಗದು. ನೀರಿನಲ್ಲಿ ಹರಡಿದ ತೈಲ ಸಿಗುತ್ತದೆ. ಹೀಗಾಗಿ ಅದೇ ತೈಲದ ಒಳ್ಳೆಯ ಪಾಕ ಕಡಮೆ ಪ್ರಮಾಣದಲ್ಲೇ ಕೆಲಸ ಮಾಡಬಲ್ಲದು.

ಆರಿಹೋಗುವ ದೋಷಕ್ಕೆ ಪರಿಹಾರ, ತೈಲವನ್ನು ಯಾವುದಾದರೂ ಕವಚದೊಳಗೆ ಸೇರಿಸುವುದು. ಇದರಲ್ಲಿ ಒಂದು ಜಾಣ್ಮೆಯ ಪ್ರಯೋಗ ೨೦೨೦ರಲ್ಲಿ ಪ್ರಕಟವಾಯಿತು. ಬ್ರೆಡ್ಡು ಉಬ್ಬಿಸಲು ಬಳಸುವ ಯೀಸ್ಟಿನ ಕೋಶದೊಳಗೆ ಕಿತ್ತಳೆ ಮುಂತಾದವುಗಳ ತೈಲವನ್ನು ತುಂಬಿ ನೀರಿಗೆ ಹಾಕುವುದು. ಯೀಸ್ಟು ಸೊಳ್ಳೆಯ ಮರಿಗೆ ಮೆಚ್ಚಿನ ಆಹಾರ. ಅದು ಊಟವೆಂದು ನುಂಗುತ್ತದೆ. ಹೊಟ್ಟೆಯೊಳಗೆ ಕವಚ ಜೀರ್ಣವಾಗಿ ತೈಲ ಹೊರಬರುತ್ತದೆ. ನೀರಿಗೆಲ್ಲ ಮದ್ದು ಕಲಸುವ ಬದಲು ಮರಿಯ ಬಾಯಿಗೇ ತುತ್ತು ಇಟ್ಟಂತೆ.

ಮೂರನೆಯ ದೋಷ ಸಾಹಿತ್ಯದ ಮಂದಿಗೆ ಬೇಗ ಅರ್ಥವಾಗುತ್ತದೆ. ಒಂದೇ ಕಾವ್ಯದ ಹತ್ತು ಓಲೆಪ್ರತಿಗಳಲ್ಲಿ ಹತ್ತು ಪಾಠಾಂತರಗಳಿರುವಂತೆ, ತುಳಸಿಯೆಂಬ ಒಂದೇ ಹೆಸರಿನ ಗಿಡದ ತೈಲದಲ್ಲಿ ಒಂದು ಕಡೆ ಯೂಜಿನಾಲ್ ಹೆಚ್ಚಿರಬಹುದು, ಇನ್ನೊಂದು ಕಡೆ ಲಿನಲೂಲ್ ಹೆಚ್ಚಿರಬಹುದು. ತಳಿ, ಮಣ್ಣು, ಮಳೆ, ಕೊಯ್ಲಿನ ಕಾಲ ಇವೆಲ್ಲ ಅದನ್ನು ಬದಲಿಸುತ್ತವೆ. ಆದುದರಿಂದ ಗಿಡದ ಹೆಸರನ್ನು ಹೇಳಿದರೆ ಸಾಲದು. ಯಾವ ಅಂಶ ನೂರಕ್ಕೆ ಎಷ್ಟಿದೆಯೆಂದು ಅಳೆದು ಹೇಳಬೇಕು. ಹಾಗೆ ಹೇಳದ ಸೀಸೆಯನ್ನು ನಂಬುವುದು ಶುದ್ಧಪ್ರತಿಯಿಲ್ಲದೆ ಅರ್ಥ ಹೇಳಿದಂತೆ.

ಪಾಕ ಎಷ್ಟೇ ಚೆನ್ನಾಗಿರಲಿ, ಅದನ್ನು ಯಾವ ನೀರಿಗೆ ಹಾಕುತ್ತೇವೆ ಎಂಬ ಪ್ರಶ್ನೆ ಉಳಿಯುತ್ತದೆ. 

ಹಳೇಬೀಡಿನ ಬಗೆಯ ನೀರನ್ನು ತೆಗೆದುಕೊಳ್ಳಿ. ಇಪ್ಪತ್ತು ಮೀಟರು ಉದ್ದ, ಇಪ್ಪತ್ತು ಮೀಟರು ಅಗಲ, ಎರಡು ಮೀಟರು ನೀರು ಇರುವ ಒಂದು ಕೊಳವನ್ನು ಊಹಿಸಿಕೊಳ್ಳೋಣ. ಅದರಲ್ಲಿ ಎಂಟು ಲಕ್ಷ ಲೀಟರು ನೀರಾಯಿತು. ಲೀಟರಿಗೆ ೫೦ ಮಿಲಿಗ್ರಾಮಿನಂತೆ ೪೦ ಕಿಲೊಗ್ರಾಂ ತೈಲ ಬೇಕು. ಹಸಿಯ ಮಜ್ಜಿಗೆ ಹುಲ್ಲಿನಿಂದ ನೂರಕ್ಕೆ ಅರ್ಧ ಭಾಗ ತೈಲ ಇಳಿಯಿತೆಂದು ಹಿಡಿದರೆ, ಒಂದು ಸಲದ ಬಳಕೆಗೆ ಎಂಟು ಸಾವಿರ ಕಿಲೊಗ್ರಾಂ ಹುಲ್ಲನ್ನು ಭಟ್ಟಿಗೆ ಹಾಕಬೇಕು. ಅದರಿಂದ ಇನ್ನೊಂದು ಅನರ್ಥವೂ ಉಂಟು. ಲವಂಗದ ಯೂಜಿನಾಲ್ ಮೀನುಗಳಿಗೆ ಮಂಪರು ಬರಿಸಲು ಬಳಸುವ ವಸ್ತು. ಇಂಥ ತೈಲವನ್ನು ಕೊಳಕ್ಕೆ ಸುರಿದರೆ ಮೊದಲು ಕಂಗೆಡುವುದು ಮೀನು. ಸೊಳ್ಳೆಯ ಮರಿಯನ್ನು ತಿನ್ನುವುದು ಅದೇ ಮೀನು!

ಮೀನಿನ ಈ ಉಪಕಾರ ಕರ್ನಾಟಕದಲ್ಲಿ ಪರೀಕ್ಷಿತವಾದದ್ದು. ಮಲೇರಿಯಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ೧೯೯೦ರ ದಶಕದಲ್ಲಿ ನಮ್ಮ ರಾಜ್ಯದ ಹಳ್ಳಿಗಳ ಬಾವಿಗಳಿಗೆ ಗಪ್ಪಿ ಮೀನುಗಳನ್ನು ಬಿಟ್ಟು, ಬಾವಿಯಲ್ಲಿ ಹುಟ್ಟುವ ಅನಾಫಿಲಿಸ್ ಸೊಳ್ಳೆಯನ್ನೂ ಅದರೊಡನೆ ಮಲೇರಿಯಾವನ್ನೂ ತಗ್ಗಿಸಿದ್ದನ್ನು ದಾಖಲಿಸಿದ್ದಾರೆ. ೨೦೦೧ರಲ್ಲಿ ನೆರೆಯ ತುಮಕೂರು ಜಿಲ್ಲೆಯಲ್ಲಿ ಹಾಡು ಕುಣಿತಗಳ ಕಲಾಜಾಥಾ ನಡೆಸಿ ಊರವರಿಗೆ ಇದನ್ನು ತಿಳಿಯಹೇಳಿದರು. ಉಪನ್ಯಾಸಕ್ಕಿಂತ ಹಾಡು ಆಳಕ್ಕೆ ಇಳಿಯುತ್ತದೆಂಬುದು ನಮಗೆ ಗೊತ್ತಿರುವ ಸಂಗತಿಯೇ.

ಶಾಸನಗಳನ್ನು ಓದಿದವರಿಗೆ ‘ಬಿತ್ತುವಟ್ಟ’ ಎಂಬ ಮಾತು ಪರಿಚಿತ. ಕೆರೆಯ ಪಾಲನೆಗೆಂದು ಬಿಟ್ಟುಕೊಟ್ಟ ದತ್ತಿ ಅದು. ಹೂಳೆತ್ತುವುದಕ್ಕೂ ಏರಿಯನ್ನು ಭದ್ರಪಡಿಸುವುದಕ್ಕೂ ನಮ್ಮ ಹಿರಿಯರು ಹೀಗೆ ಏರ್ಪಾಡು ಮಾಡಿದ್ದರು. ಅವರಿಗೆ ಸೊಳ್ಳೆಯ ಶಾಸ್ತ್ರ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆದರೆ ಅಂಚಿನ ಜೊಂಡು ಕಳೆಯನ್ನು ತೆಗೆದ ಕೆರೆಯಲ್ಲಿ ಮರಿಗೆ ಮರೆಯಿಲ್ಲ. ಮೀನು ಅದನ್ನು ಹುಡುಕಿ ತಿನ್ನುತ್ತದೆ. ಕೆರೆಗೆ ಬೇಕಾದದ್ದು ಎಣ್ಣೆಯಲ್ಲ, ಆರೈಕೆ. ಬೇಲೂರಿನ ಕಡೆಯ ತೊರೆ ಕಾಲುವೆಗಳ ಮಾತೂ ಹೀಗೆಯೇ. ಹರಿಯುವ ನೀರಿಗೆ ಹಾಕಿದ ತೈಲ ಹರಿದುಹೋಗುತ್ತದೆ. ಅಲ್ಲಿ ಹರಿವಿಗೆ ಅಡ್ಡವಾದ ಕಸವನ್ನು ತೆಗೆಯುವುದೇ ಮದ್ದು. ಭತ್ತದ ಗದ್ದೆಯ ಮಾತು ಬೇರೆ. ಮದುರೆಯ ಸಂಶೋಧಕರು ೧೯೯೦ರ ದಶಕದಲ್ಲಿ ಬೇವಿನ ಹಿಂಡಿಯ ಬಳಕೆಯನ್ನು ಗದ್ದೆಗೆ ನೀರು ಕಟ್ಟಿ ಬಿಡುವ ಕ್ರಮದೊಡನೆ ಕೂಡಿಸಿ ಸೊಳ್ಳೆಯನ್ನು ತಗ್ಗಿಸಿದರು. ಅಲ್ಲಿಯೂ ಗಿಡ ಒಂಟಿಯಾಗಿ ಗೆಲ್ಲಲಿಲ್ಲ. ನೀರಿನ ಕ್ರಮ ಜೊತೆಗಿತ್ತು.

ಮನೆಯ ಡ್ರಮ್ಮು ತೊಟ್ಟಿಗಳಿಗೆ ರಾಸ್ ಕಂಡ ದಾರಿಯೇ ಸರಿ. ವಾರಕ್ಕೊಮ್ಮೆ ಚೆಲ್ಲಿ ಬರಿದು ಮಾಡಬೇಕು, ಉಳಿದ ದಿನ ಭದ್ರವಾಗಿ ಮುಚ್ಚಬೇಕು. ಇದರಲ್ಲೊಂದು ಸೂಕ್ಷ್ಮವಿದೆ. ಈಡಿಸ್ ಸೊಳ್ಳೆ ನೀರಿನ ಮಟ್ಟಕ್ಕಿಂತ ತುಸು ಮೇಲೆ, ತೊಟ್ಟಿಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಆದುದರಿಂದ ಚೆಲ್ಲಿದರೆ ಸಾಲದು, ಗೋಡೆಯನ್ನು ಗಸಗಸ ಉಜ್ಜಬೇಕು. ನಾರಿಗೆ ಅರಸೀಕೆರೆಯಲ್ಲಿ ಬರವಿಲ್ಲ! ಬರಿದು ಮಾಡಲಾಗದ ಕುಡಿಯುವ ನೀರಿನ ದೊಡ್ಡ ತೊಟ್ಟಿಗಳಿಗೆ ಆರೋಗ್ಯ ಇಲಾಖೆಯವರು ಟೆಮಿಫಾಸನ್ನು ಲೀಟರಿಗೆ ಒಂದು ಮಿಲಿಗ್ರಾಂ ಮೀರದಂತೆ ಅಳೆದು ಹಾಕುತ್ತಾರೆ. ೧೯೭೬ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ದೊರೆತ ಬಿಟಿಐ ಎಂಬ ಬ್ಯಾಕ್ಟೀರಿಯಾ ಮರಿಯ ಕರುಳನ್ನು ಮಾತ್ರ ಕೆಡಿಸುತ್ತದೆ, ಮೀನಿಗೂ ಮನುಷ್ಯನಿಗೂ ಕೇಡು ಮಾಡುವುದಿಲ್ಲ.

ಹಾಗಾದರೆ ಸುಗಂಧತೈಲದ ಪಾಕಕ್ಕೆ ಎಡೆಯೆಲ್ಲಿ? ಕುಡಿಯದ, ಮೀನಿಲ್ಲದ, ಚೆಲ್ಲಲಾಗದ ಅಲ್ಪ ನೀರಿನಲ್ಲಿ. ಕಟ್ಟಡ ಕಟ್ಟುವಲ್ಲಿ ನಿಂತ ನೀರು, ಅಲುಗಿಸಲಾಗದ ಕಲ್ಲಿನ ಗುಳಿ, ಹಳೆಯ ಟೈರುಗಳ ರಾಶಿ, ಪಾಳುಬಾನಿ ಇವು ಅದರ ಕ್ಷೇತ್ರ. ಚರಂಡಿಯಲ್ಲಿ ತೈಲ ಕೊಳೆಗೆ ಅಂಟಿಕೊಂಡು ಬಲಗುಂದುತ್ತದೆ. ಅಲ್ಲಿ ಹೆಚ್ಚು ನಿರೀಕ್ಷಿಸಲಾಗದು. ಕ್ಷೇತ್ರ ಚಿಕ್ಕದೆಂದು ಸಂಶೋಧನೆ ವ್ಯರ್ಥವೆನ್ನುವುದು ಸರಿಯಲ್ಲ. ಹಳೆಯ ಮದ್ದುಗಳಿಗೆ ಸೊಳ್ಳೆ ಒಗ್ಗಿಕೊಳ್ಳುತ್ತಿರುವಾಗ ಹೊಸ ಮದ್ದುಗಳು ಕೈಯಲ್ಲಿರಬೇಕಾದದ್ದು ಅವಶ್ಯ.

ಆದುದರಿಂದ ಇಂಥ ಸೀಸೆಯನ್ನು ಕೊಳ್ಳುವವರು ಅಂಗಡಿಯವರನ್ನು ಕೆಲವು ಮಾತು ಕೇಳಬೇಕು. ಯಾವ ಗಿಡ, ಅದರಲ್ಲಿ ಯಾವ ಅಂಶ ಎಷ್ಟು? ಲೀಟರಿಗೆ ಎಷ್ಟು ಹಾಕಬೇಕು? ಎಷ್ಟು ದಿನ ನಿಲ್ಲುತ್ತದೆ? ಮೀನಿಗೆ ಏನಾಗುತ್ತದೆ? ೧೯೬೮ರ ಕೀಟನಾಶಕಗಳ ಕಾಯಿದೆಯಂತೆ ನೋಂದಣಿಯಾಗಿದೆಯೆ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಅದು ಪರಿಮಳದ ಸೀಸೆ ಮಾತ್ರ, ಮದ್ದಲ್ಲ.

೨೦೦೬ರಲ್ಲಿ ಚಿಕೂನ್‌ಗುನ್ಯಾ ಕರ್ನಾಟಕದ ಏಳು ಲಕ್ಷಕ್ಕೂ ಹೆಚ್ಚು ಜನರನ್ನು ಕಾಡಿತೆಂದು ಅಂದಾಜು. ಕೀಲು ಹಿಡಿದು ತಿಂಗಳುಗಟ್ಟಲೆ ನರಳಿದವರು ಆ ವರ್ಷವನ್ನು ಮರೆತಿಲ್ಲ. ೨೦೨೪ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯುವಂತೆ ನೀರು ನಿಲ್ಲಿಸಿದವರಿಗೆ ದಂಡವನ್ನೂ ವಿಧಿಸಿತು. ದಂಡದ ಅಂಜಿಕೆಯಿಂದ ಆಗದ ಕೆಲಸ ವಾರದ ಒಂದು ಬೆಳಗ್ಗೆ ಅರ್ಧ ಗಂಟೆಯ ದುಡಿಮೆಯಿಂದ ಆಗುತ್ತದೆ. ಹಿತ್ತಲಿನ ಕರಟಗಳನ್ನು ಬೋರಲು ಹಾಕಿ, ಡ್ರಮ್ಮನ್ನು ಉಜ್ಜಿ ಮುಚ್ಚಿ. ಸುಗಂಧತೈಲ ತನ್ನ ಪಾಕವನ್ನು ಪಡೆದು ಬರಲಿ, ಬಂದಾಗ ಅದನ್ನು ಸ್ವಾಗತಿಸೋಣ. ಅದು ಬರುವ ತನಕ ನಮ್ಮ ಮಕ್ಕಳನ್ನು ಕಾಯುವುದು ಕೈಯಲ್ಲಿರುವ ನಾರು, ಡ್ರಮ್ಮಿನ ಮೇಲಿನ ಮುಚ್ಚಳ.